ಕೋಲಾರದ ತಾರಸಿಯಲ್ಲಿ ಮೊದಲು ಮಳೆ ನೀರು ಹಿಡಿಯಿರಿ, ಸೊಪ್ಪು ಆಮೇಲೆ

ತಾರಸಿ ಮೇಲೆ ತರಕಾರಿ ಬೆಳೆಯಬೇಕು, ಹೇಗೆ ಶುರು ಮಾಡಲಿ ಅಂತ ನಮ್ಮ ಕೋಲಾರದಲ್ಲಿ ಯಾರಾದರೂ ಕೇಳಿದರೆ ನಾನು ಬೀಜದ ಮಾತೇ ಎತ್ತುವುದಿಲ್ಲ. ನೀರು ಎಲ್ಲಿಂದ ತರುತ್ತೀರಿ ಅಂತ ಕೇಳುತ್ತೇನೆ. ಈ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ನೀರು ಬರುವ ಖಾತ್ರಿ ಇಲ್ಲ, ಬಂದರೂ ಎಷ್ಟೋ ಕಡೆ ಫ್ಲೋರೈಡ್ ಜಾಸ್ತಿ. ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ನೀರು 2018ರಿಂದ ಕೆರೆಗಳಿಗೆ ಬರುತ್ತಿದೆ, ನಿಜ. ಆದರೆ ಅದು ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕಳಿಸುವ ನೀರು, ಅಂತರ್ಜಲಕ್ಕಾಗಿ ಬಿಡುವಂಥದ್ದು, ಅಡುಗೆಮನೆಗೆ ಅಲ್ಲ. ನಮ್ಮ ತಲೆ ಮೇಲೆ ಬೀಳುವ ನೀರನ್ನೇ ನಾವು ಚರಂಡಿಗೆ ಬಿಡುತ್ತಿದ್ದೇವೆ ಅಲ್ವಾ?

ಲೆಕ್ಕ ಸುಲಭ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. 600 ಚದರ ಅಡಿ ತಾರಸಿ ಅಂದರೆ ಸುಮಾರು 55 ಚದರ ಮೀಟರ್. 20 ಮಿ.ಮೀ. ಮಳೆ ಹೊಡೆದರೆ 1,100 ಲೀಟರ್, ಐದರಲ್ಲಿ ಒಂದು ಪಾಲು ಹೋಯಿತು ಅಂದುಕೊಂಡರೂ 880 ಲೀಟರ್ ಉಳಿಯುತ್ತದೆ. ನಾಲ್ಕು ಜನರ ಮನೆಯಲ್ಲಿ ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ 20 ಲೀಟರ್ ಹಿಡಿದರೆ, ಒಂದೇ ಮಳೆಯಲ್ಲಿ ನಲವತ್ತು ದಿನಕ್ಕೂ ಮಿಕ್ಕಿ ಬರುತ್ತದೆ. ಮಳೆ ನೀರಿನಲ್ಲಿ ಫ್ಲೋರೈಡ್ ಇಲ್ಲ ಅನ್ನುವಷ್ಟು ಕಡಿಮೆ. ಬೋರ್ ನೀರನ್ನು ಎಷ್ಟು ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಕಡಿಮೆಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ. ಫ್ಲೋರೈಡಿನಿಂದ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುವುದನ್ನು ಈ ಕಡೆಯವರು ನೋಡಿಯೇ ಇರುತ್ತಾರೆ, ನನಗಂತೂ ಅದೊಂದೇ ಕಾರಣ ಸಾಕಾಗಿತ್ತು.

ಕೆಲಸಕ್ಕೆ ಬರೋಣ. ಯುಗಾದಿ ಹೊತ್ತಿಗೆ ತಾರಸಿ ಗುಡಿಸಿ, ತೊಳೆದು, ಇಳಿಜಾರು ಯಾವ ಕಡೆ ಇದೆ ನೋಡಿ. ಒಂದು ಬಕೆಟ್ ನೀರು ಸುರಿದರೆ ಗೊತ್ತಾಗುತ್ತದೆ. ಆ ಕಡೆಯ ಪೈಪನ್ನೇ ಬಳಸಿ, ಅದರ ಬಾಯಿಗೆ ಜಾಲರಿ ಕಟ್ಟಿ. ಕೆಳಗೆ ಪೈಪಿಗೆ ನೀರನ್ನು ಎರಡು ದಾರಿಗೆ ಬಿಡುವ ಒಂದು T ಆಕಾರದ ಜೋಡಣೆ ಹಾಕಿಸಿ: ಒಂದು ದಾರಿ ಫಿಲ್ಟರ್ ಡ್ರಮ್ಮಿಗೆ, ನೇರ ಕೆಳಗಿನ ದಾರಿ ವಾಲ್ವ್ ಇಟ್ಟು ಹೊರಗೆ. ಮಳೆ ಶುರುವಾದಾಗ ವಾಲ್ವ್ ತೆರೆದೇ ಇರಲಿ. ಧೂಳು, ಪಾರಿವಾಳದ ಹಿಕ್ಕೆ ಎಲ್ಲ ಅದರಲ್ಲಿ ಹೋಗುತ್ತದೆ. ಹತ್ತು ನಿಮಿಷ ಬಿಟ್ಟು ಗಾಜಿನ ಲೋಟದಲ್ಲಿ ನೀರು ಹಿಡಿದು ಬೆಳಕಿಗೆ ನೋಡಿ. ತಿಳಿಯಾಗಿದ್ದರೆ ವಾಲ್ವ್ ಮುಚ್ಚಿ. ವರ್ಷದ ಮೊದಲ ಒಂದೆರಡು ಮಳೆಯನ್ನು ಪೂರ್ತಿ ಬಿಟ್ಟುಬಿಡಿ, ಹೊಟ್ಟೆ ಉರಿದರೂ ಪರವಾಗಿಲ್ಲ.

ಫಿಲ್ಟರಿಗೆ 200 ಲೀಟರ್ ಡ್ರಮ್ ಸಾಕು, ಆದರೆ ಹಿಂದೆ ಕೆಮಿಕಲ್ ತುಂಬಿದ್ದ ಡ್ರಮ್ ಬೇಡವೇ ಬೇಡ. ತಳದಲ್ಲಿ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ಆಮೇಲೆ ಇದ್ದಿಲು, ಎಲ್ಲಕ್ಕಿಂತ ಮೇಲೆ ಮರಳು, ನಡುನಡುವೆ ನೈಲಾನ್ ಜಾಲರಿ. ಜಲ್ಲಿ, ಮರಳನ್ನು ತಿಳಿ ನೀರು ಬರುವ ತನಕ ತೊಳೆಯಿರಿ. ಇಷ್ಟು ಮಾಡಿದರೂ ಕ್ರಿಮಿ ಸಾಯುವುದಿಲ್ಲ, ಕುಡಿಯುವ ನೀರನ್ನು ಕುದಿಸಲೇಬೇಕು. ಕಲ್ನಾರು ಶೀಟಿನ ಮನೆ ಅಥವಾ ಹೊಸದಾಗಿ ಬಣ್ಣ ಬಳಿದ ತಾರಸಿ ಆಗಿದ್ದರೆ ಆ ನೀರು ಕುಡಿಯಲು ಬೇಡ, ಗಿಡಕ್ಕೆ ಇರಲಿ.

ಟ್ಯಾಂಕ್ ವಿಚಾರದಲ್ಲಿ ನಾನು ಒಂದು ತಪ್ಪು ಮಾಡಿದೆ. ಕಡಿಮೆಗೆ ಸಿಕ್ಕಿತು ಅಂತ ತೆಳುವಾದ ಬಿಳಿ ಟ್ಯಾಂಕ್ ತಂದು ಬಿಸಿಲಿನಲ್ಲಿ ಇಟ್ಟೆ. ಮೂರು ವಾರ ಬಿಟ್ಟು ಮುಚ್ಚಳ ತೆಗೆದರೆ ಗೋಡೆಗೆಲ್ಲ ಹಸಿರು ಪಾಚಿ, ಕೈ ಇಟ್ಟರೆ ಲೋಳೆ, ನೀರಿಗೆ ಕೆರೆಯ ವಾಸನೆ. ಅಷ್ಟೂ ನೀರನ್ನು ಗಿಡಕ್ಕೆ ಬಿಟ್ಟೆ. ಕಪ್ಪು ಟ್ಯಾಂಕ್ ತನ್ನಿ, ನೆರಳಲ್ಲಿ ಇಡಿ, ಒಳಗೆ ಒಂದು ಗೆರೆ ಬೆಳಕೂ ಹೋಗಬಾರದು. ತುಂಬಿ ಹೊರಬರುವ ಪೈಪಿನ ಬಾಯಿಗೂ ಸಣ್ಣ ಕಣ್ಣಿನ ಜಾಲರಿ ಬೇಕು, ಇಲ್ಲದಿದ್ದರೆ ಸೊಳ್ಳೆ ಅಲ್ಲೇ ಸಂಸಾರ ಹೂಡುತ್ತದೆ. ಮಿಕ್ಕ ನೀರನ್ನು ನೆಲದಡಿಯ ಸಂಪ್ ತೊಟ್ಟಿಗೆ ಬಿಡಿ.

ಈಗ ಗಿಡಕ್ಕೆ ನೀರು. ಮಳೆ ನೀರು ಕುಡಿಯಲು, ಅಡುಗೆಗೆ ಇರಲಿ, ಗಿಡಕ್ಕೆ ಮನೆಯಲ್ಲಿ ಬಳಸಿದ ನೀರು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಸಿಂಕಿನ ಪಕ್ಕ ಬಕೆಟ್ ಇಟ್ಟು ಹಿಡಿಯಿರಿ, ಸೊಪ್ಪಿನ ಟ್ರೇಗಳಿಗೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಬಚ್ಚಲ ನೀರನ್ನು ಬಾಳೆ ಗಿಡದ ಬುಡಕ್ಕೆ ಬಿಡಿ. ಬಟ್ಟೆಯ ಮೊದಲ ಸೋಪು ನೀರು ಬೇಡ, ಕೊನೆಯಲ್ಲಿ ಜಾಲಿಸಿದ ನೀರು ಆಗಬಹುದು. ಆರ್‌ಒ ಫಿಲ್ಟರ್ ಹೊರಗೆ ಬಿಡುವ ನೀರನ್ನು ಸುಮಾರು ಜನ ಗಿಡಕ್ಕೆ ಹಾಕುತ್ತಾರೆ. ಅದರಲ್ಲಿ ಉಪ್ಪು, ಫ್ಲೋರೈಡ್ ಬೋರ್ ನೀರಿಗಿಂತ ಜಾಸ್ತಿ ಇರುತ್ತದೆ. ನೆಲ ಒರೆಸಲು, ಟಾಯ್ಲೆಟ್ಟಿಗೆ ಬಳಸಿ.

ಮಣ್ಣು, ಗೊಬ್ಬರ, ತೆಂಗಿನ ನಾರಿನ ಪುಡಿ ಸಮಸಮ ಕಲಸಿದರೆ ಭಾರ ಕಡಿಮೆ, ತೇವವೂ ನಿಲ್ಲುತ್ತದೆ. ದೊಡ್ಡ ಕುಂಡಗಳನ್ನು ತಾರಸಿ ನಡುವೆ ಇಡಬೇಡಿ, ಕೆಳಗೆ ಗೋಡೆ ಬರುವ ಕಡೆ ಅಂಚಿನಲ್ಲಿ ಇಡಿ. ಗೊಬ್ಬರಕ್ಕೆ ಅಡುಗೆಮನೆ ಸಿಪ್ಪೆ ಒಂದು ಪದರ, ಒಣ ಎಲೆ ಒಂದು ಪದರ, ಮೇಲೆ ಸ್ವಲ್ಪ ಹುಳಿ ಮಜ್ಜಿಗೆ. ವಾಸನೆ ಬಂದರೆ ಒದ್ದೆ ಜಾಸ್ತಿ ಆಗಿದೆ ಅಂತ ಅರ್ಥ, ಒಣ ಎಲೆ ಸೇರಿಸಿ. ಎರಡು ಮೂರು ತಿಂಗಳಿಗೆ ಗೊಬ್ಬರ ತಯಾರು. ಹಳ್ಳಿಯಲ್ಲಿ ರೇಷ್ಮೆ ಬೆಳೆಯುವ ನೆಂಟರು ಇದ್ದರೆ ಒಂದು ಚೀಲ ಹುಳುವಿನ ಹಿಕ್ಕೆ ಕೇಳಿ ತನ್ನಿ, ನಮ್ಮ ಕಡೆ ಸಿಗುವ ಚಿನ್ನದಂಥ ಗೊಬ್ಬರ ಅದು.

ಮೊದಲ ವರ್ಷ ಟೊಮೆಟೊ ಆಸೆ ಬಿಡಿ. ಅದಕ್ಕೆ ನೀರು ಜಾಸ್ತಿ, ರೋಗವೂ ಜಾಸ್ತಿ. ದಂಟು, ಮೆಂತ್ಯ, ಬಸಳೆ, ಹೊನಗೊನ್ನೆ ಹಾಕಿ. ಮೆಂತ್ಯ ಒಂದು ತಿಂಗಳೊಳಗೆ ಕೈಗೆ ಬರುತ್ತದೆ. ಹೊನಗೊನ್ನೆಗೆ ಬೀಜವೂ ಬೇಡ, ಸಂತೆಯಲ್ಲಿ ತಂದ ಕಟ್ಟಿನ ಬಲಿತ ಕಡ್ಡಿ ಚುಚ್ಚಿದರೆ ಚಿಗುರುತ್ತದೆ, ಕೊಯ್ದಷ್ಟೂ ಬರುತ್ತದೆ. ಬೇಸಿಗೆಯಲ್ಲಿ ಬುಡಕ್ಕೆ ಒಣ ಎಲೆ ಹೊದಿಸಿ, ನೀರು ಸಂಜೆ ಹಾಕಿ. ವಾರಕ್ಕೆ ಎರಡು ಸಲ ಬಸ್ಸಾರಿಗೆ ಆಗುವಷ್ಟು ಸೊಪ್ಪು ನಾಲ್ಕು ಟ್ರೇಯಲ್ಲೇ ಸಿಗುತ್ತದೆ.