ಬೈಬಲ್ ಓದುತ್ತಾ ಕಥೋಲಿಕ ವಿಶ್ವಾಸವನ್ನು ಅರಿಯುವುದು ಹೇಗೆ?

ಬೈಬಲ್‌ನ ಪ್ರೇಷಿತರ (ಯೇಸು ಕಳುಹಿಸಿದ ಶಿಷ್ಯರ) ಕಾರ್ಯಕಲಾಪಗಳು ಎಂಬ ಗ್ರಂಥದ ಎಂಟನೇ ಅಧ್ಯಾಯದಲ್ಲಿ ಇಥಿಯೋಪಿಯಾದ ಒಬ್ಬ ಅಧಿಕಾರಿ ಬರುತ್ತಾನೆ. ರಥದಲ್ಲಿ ಕೂತು ಪ್ರವಾದಿ ಯೆಶಾಯನ ಗ್ರಂಥ ಓದುತ್ತಿರುತ್ತಾನೆ. ಓದುತ್ತಿರುವುದು ಅರ್ಥವಾಗುತ್ತಿದೆಯೇ ಎಂದು ಶುಭಸಂದೇಶ ಸಾರುತ್ತಿದ್ದ ಫಿಲಿಪ್ಪ ಕೇಳಿದಾಗ, ಯಾರಾದರೂ ತಿಳಿಸಿಕೊಡದೆ ಹೇಗೆ ಅರ್ಥವಾದೀತು ಎನ್ನುತ್ತಾನೆ. ಫಿಲಿಪ್ಪನನ್ನು ರಥಕ್ಕೆ ಹತ್ತಿಸಿಕೊಳ್ಳುತ್ತಾನೆ. ಇಬ್ಬರೂ ಕೂತು ಅದೇ ಭಾಗದ ಬಗ್ಗೆ ಮಾತಾಡುತ್ತಾರೆ.

ಕಥೋಲಿಕ ವಿಶ್ವಾಸವನ್ನು ತಿಳಿಯಬೇಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಕಾಣುವುದಿಲ್ಲ. ಒಂದು ವಚನ ಹಿಡಿದು ವಾದಕ್ಕೆ ಇಳಿಯುವುದು ಸುಲಭ. ಒಂದು ಇಡೀ ಭಾಗವನ್ನು ನಿಧಾನವಾಗಿ ಓದಿ, ಧರ್ಮಸಭೆ (ಚರ್ಚ್) ಇದನ್ನು ಮೊದಲಿನಿಂದ ಹೇಗೆ ಅರ್ಥಮಾಡಿಕೊಂಡಿದೆ ಎಂದು ಕೇಳುವುದಕ್ಕೆ ತಾಳ್ಮೆ ಬೇಕು. ಆದರೆ ಮನಸ್ಸಿನಲ್ಲಿ ಉಳಿಯುವುದು ಹಾಗೆ ಕಲಿತದ್ದೇ. ನೀವು ಕಥೋಲಿಕರಾಗಿರಲಿ, ಸುಮ್ನೆ ತಿಳಿಯುವ ಆಸೆಯಿಂದ ಬಂದವರಾಗಿರಲಿ, ಕ್ರಮ ಒಂದೇ: ಚಿಕ್ಕ ಗುಂಪಾಗಿ ಕೂತು ಓದುವುದು.

ಮೊದಲು ಪುಸ್ತಕ

ಕಥೋಲಿಕ ಬೈಬಲ್‌ನಲ್ಲಿ 73 ಗ್ರಂಥಗಳಿವೆ. ಹಳೆಯ ಒಡಂಬಡಿಕೆಯಲ್ಲಿ 46, ಹೊಸ ಒಡಂಬಡಿಕೆಯಲ್ಲಿ 27. ಪ್ರೊಟೆಸ್ಟೆಂಟ್ ಬೈಬಲ್‌ನಲ್ಲಿ ಇರುವುದು 66. ತೊಬೀತ, ಯೂದಿತ, ಜ್ಞಾನಗ್ರಂಥ, ಸಿರಾಖ, ಬಾರೂಕ ಮತ್ತು ಮಕ್ಕಬಿಯರ ಎರಡು ಗ್ರಂಥಗಳು ಅದರಲ್ಲಿ ಸೇರಿಲ್ಲ. ಎಸ್ತೇರ್ ಮತ್ತು ದಾನಿಯೇಲ ಗ್ರಂಥಗಳ ಕೆಲವು ಭಾಗಗಳೂ ಇರುವುದಿಲ್ಲ. ಇದು ಸಣ್ಣ ವಿಷಯವಲ್ಲ. ಸತ್ತವರಿಗಾಗಿ ಪ್ರಾರ್ಥಿಸುವುದರ ಬಗ್ಗೆ ಮಾತಾಡಲು ಹೊರಟರೆ ಮಕ್ಕಬಿಯರ ಎರಡನೇ ಗ್ರಂಥದ 12ನೇ ಅಧ್ಯಾಯ ಬೇಕು. ಗುಂಪಿನ ಅರ್ಧ ಜನರ ಕೈಯಲ್ಲಿ ಆ ಗ್ರಂಥವೇ ಇಲ್ಲದಿದ್ದರೆ ಮಾತು ಅಲ್ಲೇ ನಿಲ್ಲುತ್ತದೆ. ಅಡಿಟಿಪ್ಪಣಿ ಇರುವ ಪ್ರತಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.

ಜೊತೆಗೆ ಕೆಟೆಕಿಸಂ ಎಂದು ಕರೆಯುವ ಧರ್ಮೋಪದೇಶ ಗ್ರಂಥದ ಒಂದು ಪ್ರತಿ ಗುಂಪಿಗೆ ಸಾಕು. ಎರಡನೇ ಜಾನ್ ಪಾಲ್ ಜಗದ್ಗುರುಗಳಾಗಿದ್ದಾಗ (ಪೋಪ್ ಆಗಿದ್ದಾಗ), 1992ರಲ್ಲಿ ಬಂದ ಗ್ರಂಥ ಇದು. ಅದರಲ್ಲಿ ಸಂಖ್ಯೆ ಹಾಕಿದ 2865 ಪ್ಯಾರಾಗಳಿವೆ. ಅಷ್ಟನ್ನೂ ಮೊದಲಿನಿಂದ ಓದಬೇಕಿಲ್ಲ. ಕೊನೆಯಲ್ಲಿರುವ ಸೂಚಿಯಲ್ಲಿ ಬೈಬಲ್ ವಚನಗಳ ಪಟ್ಟಿ ಇರುತ್ತದೆ. ನೀವು ಓದಿದ ವಚನವನ್ನು ಧರ್ಮಸಭೆ ಯಾವ ಬೋಧನೆಯ ಜಾಗದಲ್ಲಿ ಬಳಸಿದೆ ಎಂದು ಅಲ್ಲಿ ಹುಡುಕಬಹುದು. ಈ ಪಟ್ಟಿಯನ್ನು ಬಳಸುವವರು ತುಂಬಾ ಕಡಿಮೆ. ನನ್ನ ಪ್ರಕಾರ ಆ ಗ್ರಂಥದ ಅತ್ಯಂತ ಉಪಯುಕ್ತ ಪುಟಗಳು ಅವೇ.

ಎಲ್ಲಿಂದ ಶುರು?

ಆದಿಕಾಂಡದಿಂದ ಸಾಲಾಗಿ ಓದುತ್ತೇವೆ ಎಂದು ಹೊರಟವರು ಯಾಜಕಕಾಂಡದ ಬಲಿ ನಿಯಮಗಳ ಹತ್ತಿರ ಸುಸ್ತಾಗುತ್ತಾರೆ. ಮಾರ್ಕನ ಶುಭಸಂದೇಶದಿಂದ ಶುರುಮಾಡಿ. ಹದಿನಾರೇ ಅಧ್ಯಾಯ. ಗುಂಪು ಸೇರುವ ಮೊದಲು ಎಲ್ಲರೂ ಅದನ್ನು ಮನೆಯಲ್ಲಿ ಒಮ್ಮೆ ಪೂರ್ತಿ ಓದಿಕೊಂಡು ಬರಲಿ. ಯೇಸು ಯಾರು ಎನ್ನುವುದು ಮನಸ್ಸಿನಲ್ಲಿ ಇಲ್ಲದೆ ಸಂಸ್ಕಾರ, ಜಗದ್ಗುರು, ಸಂತರು ಅಂತ ಮಾತಾಡಿದರೆ ಯಾವುದಕ್ಕೂ ಬುಡ ಇರುವುದಿಲ್ಲ.

ಆಮೇಲೆ ಎರಡು ದಾರಿಗಳಿವೆ. ಒಂದು, ವಾರಕ್ಕೊಂದು ವಿಶ್ವಾಸದ ವಿಷಯ ತೆಗೆದುಕೊಂಡು ಅದಕ್ಕೆ ಸಂಬಂಧಿಸಿದ ಭಾಗ ಓದುವುದು. ಇನ್ನೊಂದು, ಭಾನುವಾರದ ಬಲಿಪೂಜೆಯಲ್ಲಿ (ಚರ್ಚಿನ ಮುಖ್ಯ ಆರಾಧನೆಯಲ್ಲಿ) ಓದುವ ಬೈಬಲ್ ವಾಚನಗಳನ್ನೇ ಹಿಡಿಯುವುದು. ಈ ವಾಚನಗಳು ಮೂರು ವರ್ಷದ ಸುತ್ತಿನಲ್ಲಿ ಬರುತ್ತವೆ. ಒಂದು ವರ್ಷ ಮತ್ತಾಯ, ಮರುವರ್ಷ ಮಾರ್ಕ, ಅದರ ಮುಂದಿನ ವರ್ಷ ಲೂಕ. ಯೊವಾನ್ನನ ಶುಭಸಂದೇಶ ಮುಖ್ಯವಾಗಿ ಪಾಸ್ಖ (ಈಸ್ಟರ್) ಕಾಲದಲ್ಲಿ ಬರುತ್ತದೆ.

ನನಗೆ ಎರಡನೆಯ ದಾರಿ ಹೆಚ್ಚು ಇಷ್ಟ. ಯಾಕೆಂದರೆ ವರ್ಷದ ಹೆಚ್ಚಿನ ಭಾನುವಾರಗಳಲ್ಲಿ ಹಳೆಯ ಒಡಂಬಡಿಕೆಯ ವಾಚನವನ್ನು ಶುಭಸಂದೇಶಕ್ಕೆ ಹೊಂದುವಂತೆ ಆರಿಸಿರುತ್ತಾರೆ. ಮತ್ತಾಯನ ವರ್ಷದಲ್ಲಿ ಒಂದು ಭಾನುವಾರ ಯೇಸು ಪೇತ್ರನಿಗೆ ಸ್ವರ್ಗಸಾಮ್ರಾಜ್ಯದ ಬೀಗದ ಕೈಗಳನ್ನು ಕೊಡುತ್ತೇನೆ ಎನ್ನುವ ಭಾಗ ಬರುತ್ತದೆ (ಮತ್ತಾಯ 16:13-20). ಅದೇ ದಿನದ ಮೊದಲ ವಾಚನ ಯೆಶಾಯ 22:19-23. ಅಲ್ಲಿ ಎಲ್ಯಾಕೀಮ ಎಂಬುವನಿಗೆ ದಾವೀದನ ಮನೆತನದ ಬೀಗದ ಕೈ ಸಿಗುತ್ತದೆ. ಅವನು ರಾಜನಲ್ಲ, ರಾಜನ ಅರಮನೆಯ ಮೇಲ್ವಿಚಾರಕ. ಅವನು ತೆರೆದದ್ದನ್ನು ಯಾರೂ ಮುಚ್ಚಲಾರರು. ಪೇತ್ರನನ್ನು ಕಥೋಲಿಕರು ಮೊದಲ ಜಗದ್ಗುರು ಎಂದು ಎಣಿಸುತ್ತಾರೆ. ಈ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ. ಜಗದ್ಗುರುಗಳ ಅಧಿಕಾರವನ್ನು ಕಥೋಲಿಕರು ಹೇಗೆ ನೋಡುತ್ತಾರೆ ಎನ್ನುವುದು ಅರ್ಧ ಅಲ್ಲೇ ತಿಳಿಯುತ್ತದೆ.

ಕೂತು ಓದುವ ಕ್ರಮ

ಆರರಿಂದ ಹತ್ತು ಜನ ಇದ್ದರೆ ಚೆನ್ನ. ಅದಕ್ಕಿಂತ ಜಾಸ್ತಿಯಾದರೆ ಕೆಲವರು ಬಾಯಿಯೇ ತೆರೆಯುವುದಿಲ್ಲ. ಒಂದು ಗಂಟೆ ಸಾಕು. ಪವಿತ್ರಾತ್ಮರನ್ನು ಬೇಡುವ ಚಿಕ್ಕ ಪ್ರಾರ್ಥನೆಯಿಂದ ಶುರುವಾಗಲಿ.

ಭಾಗವನ್ನು ಗಟ್ಟಿಯಾಗಿ ಎರಡು ಸಲ ಓದಿ, ಎರಡನೇ ಸಲ ಬೇರೆಯವರು ಓದಲಿ. ನಡುವೆ ಒಂದೆರಡು ನಿಮಿಷ ಮೌನ. ಮೌನವನ್ನು ಯಾರೂ ಮುರಿಯಬೇಡಿ, ಕಸಿವಿಸಿಯಾದರೂ ಪರವಾಗಿಲ್ಲ.

ಮೊದಲ ಪ್ರಶ್ನೆ ಯಾವಾಗಲೂ ಇದೇ ಆಗಿರಲಿ: ಇಲ್ಲಿ ಏನು ಬರೆದಿದೆ? ಯಾರು ಯಾರಿಗೆ ಹೇಳುತ್ತಿದ್ದಾರೆ, ಹಿಂದೆ ಏನಾಯಿತು, ಮುಂದೆ ಏನಾಗುತ್ತದೆ? ಇದು ಕಥೆಯೇ, ಹಾಡೇ, ಪತ್ರವೇ, ಸಾಮತಿಯೇ (ನೀತಿ ಹೇಳುವ ಹೋಲಿಕೆಯ ಕಥೆಯೇ)? ಜಗತ್ತಿನ ಕಥೋಲಿಕ ಬಿಷಪ್ಪರು ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ದೈವ ಪ್ರಕಟಣೆಯ ಬಗ್ಗೆ ಹೊರಡಿಸಿದ ದಾಖಲೆ ಬರಹದ ಬಗೆಯನ್ನು ಗಮನಿಸಿ ಓದಿ ಎಂದೇ ಹೇಳುತ್ತದೆ. ನನಗೆ ಏನನ್ನಿಸಿತು ಎನ್ನುವ ಮಾತು ಆಮೇಲೆ ಬರಲಿ. ಅದು ಮೊದಲೇ ಬಂದರೆ ಗ್ರಂಥ ಪಕ್ಕಕ್ಕೆ ಸರಿದು ನಮ್ಮ ನಮ್ಮ ಕಥೆಗಳೇ ಶುರುವಾಗುತ್ತವೆ.

ಎರಡನೆಯದು, ಬೈಬಲ್‌ನಲ್ಲಿ ಇದೇ ಮಾತು ಬೇರೆಲ್ಲಿ ಬರುತ್ತದೆ? ಮೂರನೆಯದು, ಧರ್ಮಸಭೆ ಇದನ್ನು ಹೇಗೆ ಬೋಧಿಸಿದೆ? ಕೆಟೆಕಿಸಂ ತೆರೆಯುವುದು ಈಗ. ಬದುಕಿಗೆ ಇದು ಏನು ಹೇಳುತ್ತದೆ ಎನ್ನುವುದು ಕೊನೆಗೆ, ಪ್ರಾರ್ಥನೆಗೆ ಹತ್ತಿರವಾಗಿ.

ಒಂದು ಉದಾಹರಣೆ: ಯೊವಾನ್ನ 6

ಬಲಿಪೂಜೆಯಲ್ಲಿ ಸ್ವೀಕರಿಸುವ ರೊಟ್ಟಿ ಮತ್ತು ದ್ರಾಕ್ಷಾರಸವಾದ ಪರಮಪ್ರಸಾದದಲ್ಲಿ ಯೇಸು ನಿಜವಾಗಿ ಇದ್ದಾರೆ ಎಂದು ಕಥೋಲಿಕರು ನಂಬುತ್ತಾರೆ. ಈ ವಿಶ್ವಾಸವನ್ನು ಅರಿಯಲು ಯೊವಾನ್ನ 6ನೇ ಅಧ್ಯಾಯವನ್ನು ಪೂರ್ತಿ ಓದಿ. 51ನೇ ವಚನವೊಂದನ್ನೇ ಎತ್ತಿಕೊಳ್ಳಬೇಡಿ.

ಹಿಂದಿನ ದಿನ ಐದು ಸಾವಿರ ಜನರು ಹೊಟ್ಟೆ ತುಂಬಾ ಉಂಡಿದ್ದಾರೆ. ಮಾರನೆಯ ದಿನ ಸರೋವರ ದಾಟಿ ಯೇಸುವನ್ನು ಹುಡುಕಿಕೊಂಡು ಬರುತ್ತಾರೆ. ನೀವು ಹುಡುಕುತ್ತಿರುವುದು ರೊಟ್ಟಿ ತಿಂದು ತೃಪ್ತರಾದದ್ದಕ್ಕೆ ಎಂದು ಯೇಸು ನೇರವಾಗಿ ಹೇಳುತ್ತಾರೆ. ಅವರು ಮರುಭೂಮಿಯಲ್ಲಿ ಪೂರ್ವಜರಿಗೆ ದೇವರು ಕೊಟ್ಟ ಮನ್ನ ಎಂಬ ಆಹಾರದ ಮಾತೆತ್ತುತ್ತಾರೆ (ಇಲ್ಲಿ ನಿಲ್ಲಿಸಿ ವಿಮೋಚನಾಕಾಂಡ 16 ಓದಿ). ನಾನೇ ಜೀವದ ರೊಟ್ಟಿ ಎನ್ನುತ್ತಾರೆ ಯೇಸು. ಇವನು ಜೋಸೆಫನ ಮಗ ಅಲ್ವಾ ಎಂದು ಗೊಣಗಾಟ. ನಾನು ಕೊಡುವ ರೊಟ್ಟಿ ನನ್ನ ಮಾಂಸವೇ ಎಂದಾಗ ಗೊಣಗಾಟ ಜಗಳಕ್ಕೇ ತಿರುಗುತ್ತದೆ. ಯೇಸು ಮಾತನ್ನು ಮೆತ್ತಗೆ ಮಾಡುವುದಿಲ್ಲ, ಇನ್ನೂ ಬಲವಾಗಿ ಹೇಳುತ್ತಾರೆ. ಇದು ಕಠಿಣವಾದ ಮಾತು ಎಂದು ಶಿಷ್ಯರಲ್ಲೇ ಅನೇಕರು ಬಿಟ್ಟುಹೋಗುತ್ತಾರೆ. ಯೇಸು ಅವರನ್ನು ವಾಪಸ್ ಕರೆಯುವುದಿಲ್ಲ. ತಮ್ಮ ಆಪ್ತ ಶಿಷ್ಯರಾದ ಹನ್ನೆರಡು ಮಂದಿಯ ಕಡೆ ತಿರುಗಿ, ನೀವೂ ಹೋಗುತ್ತೀರಾ ಎಂದು ಕೇಳುತ್ತಾರೆ.

ಇಲ್ಲಿ ನಿಲ್ಲಿಸಿ ಗುಂಪನ್ನು ಕೇಳಿ: ಅಷ್ಟು ಜನರನ್ನು ಯಾಕೆ ಹೋಗಲು ಬಿಟ್ಟರು? ಈ ಪ್ರಶ್ನೆಗೆ ಸಾಕಷ್ಟು ಸಮಯ ಕೊಡಿ. ಯಾರಾದರೂ 63ನೇ ವಚನ ಎತ್ತುತ್ತಾರೆ. ಮಾಂಸದಿಂದ ಪ್ರಯೋಜನವಿಲ್ಲ, ನನ್ನ ಮಾತುಗಳೇ ಆತ್ಮ ಎಂದು ಯೇಸುವೇ ಹೇಳಿದ್ದಾರಲ್ಲ, ಹಾಗಾದರೆ ಇದೆಲ್ಲ ಬರೀ ಸಂಕೇತವೇ? ಒಳ್ಳೆಯ ಪ್ರಶ್ನೆ, ತಳ್ಳಿಹಾಕಬೇಡಿ. ಅಲ್ಲಿ ಯೇಸು ನನ್ನ ಮಾಂಸ ಎನ್ನುತ್ತಿಲ್ಲ, ದೇವರ ಸಹಾಯವಿಲ್ಲದ ಬರೀ ಮನುಷ್ಯಬುದ್ಧಿಯ ಬಗ್ಗೆ ಹೇಳುತ್ತಿದ್ದಾರೆ ಎನ್ನುವುದು ಕಥೋಲಿಕರ ಓದು. ಆ ಮಾತಾದ ಮೇಲೂ ಬಿಟ್ಟುಹೋದವರು ಹೋದರು ಎಂಬುದನ್ನೂ ಗಮನಿಸಿ. ಆಮೇಲೆ ಲೂಕ 22:14-20, ಅದರ ಹಿಂದೆಯೇ 1 ಕೊರಿಂಥ 11:23-29 ಓದಿ. ಅಯೋಗ್ಯವಾಗಿ ಈ ರೊಟ್ಟಿಯನ್ನು ತಿನ್ನುವವನು ಪ್ರಭುವಿನ ದೇಹಕ್ಕೆ ದ್ರೋಹ ಮಾಡಿದಂತೆ ಎಂದು ಪೌಲ ಎಚ್ಚರಿಸುವುದು ಅಲ್ಲೇ. ಎರಡನೇ ಶತಮಾನದ ಆರಂಭದಲ್ಲಿ ರಕ್ತಸಾಕ್ಷಿಯಾದ ಅಂತಿಯೋಕ್ಯದ ಸಂತ ಇಗ್ನೇಷಿಯಸ್ ಕೂಡ ಪರಮಪ್ರಸಾದ ನಮ್ಮ ರಕ್ಷಕ ಯೇಸುಕ್ರಿಸ್ತರ ಮಾಂಸವೇ ಎಂದು ತಮ್ಮ ಪತ್ರದಲ್ಲಿ ಬರೆದಿದ್ದಾರೆ. ಕೊನೆಗೆ ಕೆಟೆಕಿಸಂನ 1336 ಮತ್ತು 1373ರಿಂದ 1377ರವರೆಗಿನ ಪ್ಯಾರಾಗಳು. ಇಷ್ಟು ಓದಿ ಬಂದವರಿಗೆ ಅವು ಒಣ ವಾಕ್ಯಗಳಾಗಿ ಕಾಣುವುದಿಲ್ಲ.

ಬೇರೆ ವಿಷಯಗಳಿಗೂ ಹೀಗೆಯೇ ಭಾಗಗಳಿವೆ. ಪಾಪನಿವೇದನೆಗೆ ಯೊವಾನ್ನ 20:19-23, ರೋಗಿಗಳ ಅಭ್ಯಂಗಕ್ಕೆ (ರೋಗಿಗಳಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರಕ್ಕೆ) ಯಕೋಬ 5:13-16, ಯೇಸುವಿನ ತಾಯಿ ಮರಿಯಮ್ಮನವರ ಬಗ್ಗೆ ಲೂಕನ ಮೊದಲ ಅಧ್ಯಾಯ. ನಮೋ ಮರಿಯಾ ಪ್ರಾರ್ಥನೆಯ ಮೊದಲರ್ಧದ ಮಾತುಗಳು ಲೂಕ 1:28 ಮತ್ತು 1:42ರಲ್ಲಿ ಸಿಗುತ್ತವೆ.

ಎಲ್ಲವೂ ಬರೆದಿರುತ್ತದೆಯೇ?

ಒಂದಲ್ಲ ಒಂದು ದಿನ ಈ ಪ್ರಶ್ನೆ ಬಂದೇ ಬರುತ್ತದೆ. ಮರಿಯಮ್ಮನವರು ಆತ್ಮ ಶರೀರ ಸಮೇತ ಸ್ವರ್ಗಕ್ಕೆ ಎತ್ತಲ್ಪಟ್ಟರು ಎಂದು 1950ರಲ್ಲಿ ಹನ್ನೆರಡನೇ ಪಯಸ್ ಜಗದ್ಗುರುಗಳು ಘೋಷಿಸಿದರು. ಅದು ಯಾವ ವಚನದಲ್ಲಿದೆ? ಹೀಗೇ ಎಂದು ಬರೆದ ವಚನ ಇಲ್ಲ. ಇಲ್ಲ ಎಂದೇ ಹೇಳಿ, ಎಲ್ಲಿಂದಲೋ ಎಳೆದು ತಂದು ಜೋಡಿಸಬೇಡಿ. ವಿಶ್ವಾಸದ ಪ್ರತಿಯೊಂದು ಮಾತೂ ಅಕ್ಷರಶಃ ಬೈಬಲ್‌ನಲ್ಲಿ ಇರಲೇಬೇಕು ಎಂದು ಕಥೋಲಿಕ ಧರ್ಮಸಭೆ ಹೇಳುವುದಿಲ್ಲ. ಪ್ರೇಷಿತರಿಂದ ಬಂದ ಪವಿತ್ರ ಪರಂಪರೆ ಮತ್ತು ಪವಿತ್ರ ಗ್ರಂಥ, ಎರಡೂ ಒಂದೇ ಬುಗ್ಗೆಯಿಂದ ಬಂದವು ಎನ್ನುತ್ತದೆ. ಬಾಯಿಮಾತಿನಿಂದಾಗಲಿ ಪತ್ರದಿಂದಾಗಲಿ ಕಲಿತ ಸಂಪ್ರದಾಯಗಳನ್ನು ಬಿಗಿಯಾಗಿ ಹಿಡಿಯಿರಿ ಎಂದು ಪೌಲ ಥೆಸಲೋನಿಕದವರಿಗೆ ಬರೆದದ್ದನ್ನು (2 ಥೆಸ 2:15) ಆ ದಿನ ಓದಿ. ಯಾರಿಗಾದರೂ ಇದು ಒಪ್ಪಿಗೆಯಾಗದಿದ್ದರೆ ಬಲವಂತ ಬೇಡ.

ಮಾತಿನ ಶಿಸ್ತು

ಯಾರು ಏನೇ ಹೇಳಿದರೂ "ಅದು ಈ ಭಾಗದಲ್ಲಿ ಎಲ್ಲಿದೆ?" ಎಂದು ನಯವಾಗಿ ಕೇಳಿ. ಒಬ್ಬರೇ ಮಾತಾಡುತ್ತಿದ್ದರೆ ಮುಂದಿನ ವಚನ ಓದಲು ಇನ್ನೊಬ್ಬರನ್ನು ಕರೆಯಿರಿ. ಬೇರೆ ಪಂಗಡದವರು ಬಂದಿದ್ದರೆ ಅವರು ಆ ಭಾಗವನ್ನು ಹೇಗೆ ಓದುತ್ತಾರೆ ಎಂದು ಅವರ ಬಾಯಿಂದಲೇ ಕೇಳಿ, ಅವರ ಪರವಾಗಿ ನೀವು ಹೇಳಬೇಡಿ. ಉತ್ತರ ಸಿಗದ ಪ್ರಶ್ನೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಧರ್ಮಕೇಂದ್ರದ (ನಿಮ್ಮ ಊರಿನ ಚರ್ಚಿನ) ಗುರುಗಳ ಹತ್ತಿರವೋ ಧರ್ಮೋಪದೇಶ ಹೇಳಿಕೊಡುವವರ ಹತ್ತಿರವೋ ಒಯ್ಯಿರಿ. ಅವರು ಹೇಳಿದ್ದನ್ನು ಮುಂದಿನ ಸಲ ಮೊದಲು ಓದಿ. ಎದ್ದು ಹೋಗುವ ಮುನ್ನ ಮುಂದಿನ ವಾರದ ಅಧ್ಯಾಯವನ್ನು ಎಲ್ಲರಿಗೂ ಹೇಳಿ, ಗಟ್ಟಿಯಾಗಿ ಓದುವವರು ಯಾರು ಎನ್ನುವುದನ್ನೂ ಆಗಲೇ ಗೊತ್ತುಮಾಡಿಬಿಡಿ.