ಕೆರೆ ಕೆಸರಿಗೂ ಕಾಶ್ಮೀರದ ಹಿಮಕ್ಕೂ ಒಂದೇ ಸೆಟ್ ಟೈರ್: ನನ್ನ ಅನುಭವ

ಹೈವೇ, ತೋಟದ ದಾರಿ, ಹಿಮ, ಮೂರಕ್ಕೂ ಒಂದೇ ಸೆಟ್ ಟೈರ್ ಸಾಲದು ಎಂದು ನನಗೆ ಹೇಳದವರೇ ಇಲ್ಲ. ಬೈಪಾಸ್‌ನ ಪಂಚರ್ ಅಂಗಡಿಯವರು ಹೇಳಿದರು. ಲಾರಿ ಇಟ್ಟಿರುವ ನಮ್ಮ ಮಾವ ಹೇಳಿದರು. ಭಾನುವಾರ ಭಾನುವಾರ ಜೀಪ್ ತೆಗೆದುಕೊಂಡು ಬೆಟ್ಟ ಹತ್ತುವ ಗೆಳೆಯರಂತೂ ಬೆಟ್ ಕಟ್ಟಲು ಬಂದಿದ್ದರು. ಈಗ ಅದೇ ಸೆಟ್ 60 ಸಾವಿರ ಕಿ.ಮೀ. ದಾಟಿದೆ. ಬಟನ್ (ಟೈರ್ ಮೇಲಿನ, ರಸ್ತೆ ಹಿಡಿಯುವ ಉಬ್ಬು) ಇನ್ನೂ 5 ಮಿ.ಮೀ. ಹತ್ತಿರ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ಚಿಕ್ಕಬಳ್ಳಾಪುರದಲ್ಲಿ ಡ್ರಿಪ್ ಹಾಕಿಸುವ ಕೆಲಸ. ಗಾಡಿ ಇಸುಜು ವಿ-ಕ್ರಾಸ್, ಫೋರ್ ವೀಲ್ ಡ್ರೈವ್. ಹಿಂದೆ ಪೈಪ್ ರೋಲ್, ಫಿಲ್ಟರ್, ವಾಲ್ವ್ ಪೆಟ್ಟಿಗೆ ಯಾವಾಗಲೂ ಇರುತ್ತವೆ. ಗುಡಿಬಂಡೆ, ಬಾಗೇಪಲ್ಲಿ, ಗೌರಿಬಿದನೂರು ಕಡೆಯ ದ್ರಾಕ್ಷಿ, ಗುಲಾಬಿ, ತರಕಾರಿ ತೋಟಗಳೇ ನನ್ನ ಗಿರಾಕಿ. ನಮ್ಮೂರಿನ ಪಕ್ಕ ಹಾದುಹೋಗುವ ಎನ್‌ಎಚ್ 44 ಇದೆಯಲ್ಲ, ಅದೇ ರಸ್ತೆ ಹೈದರಾಬಾದ್, ನಾಗಪುರ, ಝಾನ್ಸಿ, ದೆಹಲಿ, ಜಮ್ಮು ಎಂದು ಹೋಗಿ ಶ್ರೀನಗರ ಮುಟ್ಟುತ್ತದೆ. ಸುಮಾರು 3,000 ಕಿ.ಮೀ. ಕಾಶ್ಮೀರದ ಶೋಪಿಯಾನ್ ಕಡೆ ಸೇಬಿನ ಗಿಡಗಳನ್ನು ಹತ್ತಿರ ಹತ್ತಿರ ನೆಡುವ ಹೊಸ ತೋಟಗಳಿಗೆ ಡ್ರಿಪ್ ಬೇಕು. ಗಿಡ ನೆಡುವುದು ಚಳಿಗಾಲದ ಕೊನೆಗೆ. ಪಾಲುದಾರರೊಬ್ಬರ ಜೊತೆ ಆ ಕೆಲಸ ಹಿಡಿದಾಗಿನಿಂದ ಫೆಬ್ರವರಿ ಬಂದರೆ ನಾನು ಗಾಡಿಯಲ್ಲೇ ಹೊರಡುತ್ತೇನೆ. ಆಗ ಅಲ್ಲಿ ಹಿಮ ಇದ್ದೇ ಇರುತ್ತದೆ.

ಮೊದಲು ಸೋತದ್ದನ್ನು ಹೇಳುತ್ತೇನೆ, ದುಡ್ಡು ಹೋದದ್ದೆಲ್ಲ ಅಲ್ಲೇ.

ಗಾಡಿಯ ಜೊತೆ ಬಂದದ್ದು ಎಚ್‌ಟಿ, ಅಂದರೆ ಟಾರು ರಸ್ತೆಗೆಂದೇ ಮಾಡಿದ ಟೈರ್. ಹೈವೇಯಲ್ಲಿ ಬೆಣ್ಣೆ. 45 ಸಾವಿರ ಓಡಿತು. ಆದರೆ ನಮ್ಮ ಕಡೆ ಕ್ರಷರ್‌ಗಳ ದಾರಿ ಗೊತ್ತಲ್ವಾ? ಟಿಪ್ಪರ್‌ನಿಂದ ಉದುರಿದ ಜಲ್ಲಿ, ಚೂಪು ಗ್ರಾನೈಟ್ ಚೂರು. ಎರಡು ಟೈರ್ ಸೈಡ್‌ವಾಲ್ (ಪಕ್ಕದ ಗೋಡೆ) ಸೀಳಿ ಹೋದವು. ಬಟನ್ ಭಾಗದಲ್ಲಿ ಪಂಚರ್ ಆದರೆ ಪ್ಯಾಚ್ ಹಾಕಬಹುದು, ಸೈಡ್‌ವಾಲ್ ಸೀಳಿದರೆ ಟೈರನ್ನೇ ಬಿಸಾಕಬೇಕು. 10 ಸಾವಿರದ ಟೈರ್ ಒಂದೊಂದು ಕಲ್ಲಿಗೆ ಹೋಯಿತು.

ಆಮೇಲೆ ಕೆಸರಿನ ಕಾಟ. ಎಚ್‌ಎನ್ ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಬರಲು ಶುರುವಾದ ಮೇಲೆ ಕಂದವಾರ ಕೆರೆಯಂಥ ನಮ್ಮ ಕೆರೆಗಳಲ್ಲಿ ನೀರು ನಿಂತಿತು. ತುಂಬಾ ಒಳ್ಳೆಯದೇ ಆಯಿತು. ಆದರೆ ಮೊದಲು ಬೇಸಿಗೆಯಲ್ಲಿ ಕೆರೆ ಅಂಗಳದಲ್ಲೇ ಅಡ್ಡದಾರಿ ಹಿಡಿದು ತೋಟಕ್ಕೆ ಹೋಗುತ್ತಿದ್ದೆವು. ಈಗ ಅಂಚಿನ ಗೋಡು ಮಣ್ಣು ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ. ಎಚ್‌ಟಿ ಬಟನ್ ಒಂದು ಸುತ್ತಿನಲ್ಲೇ ಮೆತ್ತಿಕೊಂಡು ನುಣ್ಣಗಾಗುತ್ತದೆ.

ಅದಕ್ಕೆ ಎಲ್ಲರೂ ಹೇಳಿದ ಮದ್ದು ಎಂಟಿ, ಅಂದರೆ ಕೆಸರಿಗೆಂದೇ ಮಾಡಿದ ಟೈರ್. ಒಂದಕ್ಕೆ 17 ಸಾವಿರ ಕೊಟ್ಟು ನಾಲ್ಕು ಹಾಕಿಸಿದೆ. ಕೆಸರಲ್ಲಿ ಅದಕ್ಕೆ ಸಾಟಿ ಇಲ್ಲ, ಒಪ್ಪುತ್ತೇನೆ. ಉಳಿದದ್ದೆಲ್ಲ ನಷ್ಟ. 70 ದಾಟಿದರೆ ಗಾಡಿಯೊಳಗೆ ಮಾತು ಕೇಳದಷ್ಟು ಸದ್ದು. ಮಳೆಯಲ್ಲಿ ಬಾಗೇಪಲ್ಲಿ ಟೋಲ್ ಹತ್ತಿರ ಬ್ರೇಕ್ ಒತ್ತಿದಾಗ ಗಾಡಿ ನಿಲ್ಲದೆ ಜಾರಿಕೊಂಡು ಹೋದ ರೀತಿ ಇನ್ನೂ ನೆನಪಿದೆ. ದೊಡ್ಡ ದೊಡ್ಡ ಬಟನ್ ಇದ್ದರೆ ಒದ್ದೆ ಟಾರ್ ಮುಟ್ಟುವ ರಬ್ಬರ್ ಕಡಿಮೆ, ಅಷ್ಟೇ ವಿಷಯ. ಮೈಲೇಜ್ 12ರ ಮೇಲಿದ್ದದ್ದು ಹತ್ತೂವರೆಗೆ ಇಳಿಯಿತು. 35 ಸಾವಿರಕ್ಕೆ ಬಟನ್ ಒಂದು ಕಡೆ ಎತ್ತರ, ಒಂದು ಕಡೆ ತಗ್ಗು ಸವೆದು ಸ್ಟೇರಿಂಗ್ ನಡುಗಲು ಶುರುವಾಯಿತು. ಹಿಮದಲ್ಲಿ ಕೂಡ ಎಂಟಿ ನಾವು ಅಂದುಕೊಂಡಷ್ಟು ಹಿಡಿಯುವುದಿಲ್ಲ. ಹಿಮ ಹಿಡಿಯಬೇಕಾದರೆ ಬಟನ್ ಮೇಲೆ ಬ್ಲೇಡಿನಲ್ಲಿ ಗೀರಿದಂಥ ಸಣ್ಣ ಸಣ್ಣ ಸೀಳು ತುಂಬಾ ಇರಬೇಕು. ನನ್ನ ಎಂಟಿಯಲ್ಲಿ ಅವು ಲೆಕ್ಕಕ್ಕೆ ಮಾತ್ರ ಇದ್ದವು.

ದೊಡ್ಡ ಅಳತೆ ಹಾಕು ಎಂದವರೂ ಇದ್ದರು. ಗೆಳೆಯನ ಗಾಡಿಯಿಂದ 265/70 ಆರ್ 16 ತೆಗೆದು ಸ್ವಲ್ಪ ದಿನ ಹಾಕಿ ನೋಡಿದೆ. ನನ್ನ ಅಳತೆ 245/70 ಆರ್ 16. ವ್ಯಾಸದಲ್ಲಿ ಹೆಚ್ಚುಕಡಿಮೆ ನೂರಕ್ಕೆ ನಾಲ್ಕು ಜಾಸ್ತಿ. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಚಕ್ರದ ಗೂಡಿನ ಲೈನರ್‌ಗೆ ಉಜ್ಜುತ್ತದೆ. ಮೀಟರ್ 96 ತೋರಿಸುವಾಗ ಗಾಡಿ 100ರಲ್ಲಿ ಓಡುತ್ತಿರುತ್ತದೆ. ಪೈಪ್ ತುಂಬಿದರೆ ಎರಡನೇ ಗೇರ್‌ನಲ್ಲಿ ಎಳೆಯಲು ಒದ್ದಾಟ. ಫೋಟೋಗೆ ಚೆನ್ನಾಗಿ ಕಾಣುತ್ತದೆ, ದುಡಿಮೆಗೆ ಬೇಡ. ಕಂಪನಿ ಕೊಟ್ಟ ಅಳತೆಗೇ ವಾಪಸ್ ಬಂದೆ.

ಹತ್ತು ಪ್ಲೈನ ಎಲ್‌ಟಿ (ಭಾರ ಹೊರಲು ಮಾಡಿದ ಗಟ್ಟಿ) ಟೈರ್ ಕೂಡ ಹಾಗೇ. ಸದಾ ಒಂದು ಟನ್ ಹೊರುವವರಿಗೆ ಸರಿ. ನನಗೆ ಅರ್ಧ ದಿನ ಖಾಲಿ ಓಡಾಟ. ಖಾಲಿ ಗಾಡಿಗೆ ಅದು ಕಲ್ಲಿನಷ್ಟು ಗಟ್ಟಿ, ಪ್ರತಿ ಹಂಪ್‌ಗೂ ಹಿಂಭಾಗ ಎಗರುತ್ತದೆ. ನನಗೆ ಲೋಡ್ ಇಂಡೆಕ್ಸ್ 111 ಸಾಕು, ಅಂದರೆ ಟೈರ್ ಒಂದಕ್ಕೆ 1,090 ಕಿಲೋ.

ಇಷ್ಟಾದ ಮೇಲೆ ಎಟಿಗೆ ಬಂದೆ, ಅಂದರೆ ಟಾರು, ಕಚ್ಚಾ ದಾರಿ ಎರಡಕ್ಕೂ ಆಗುವ ಆಲ್ ಟೆರೇನ್ ಟೈರ್‌ಗೆ. ಎಟಿ ಅಂದರೆ ಎಲ್ಲವೂ ಒಂದೇ ಅಂದುಕೊಳ್ಳಬೇಡಿ. ಅಂಗಡಿಯವರು ಎಂ ಪ್ಲಸ್ ಎಸ್ (ಮಡ್ ಮತ್ತು ಸ್ನೋ) ಗುರುತು ತೋರಿಸಿ "ಹಿಮಕ್ಕೂ ಆಗುತ್ತೆ ಸಾರ್" ಅನ್ನುತ್ತಾರೆ. ಆ ಗುರುತು ಬಟನ್ ವಿನ್ಯಾಸದ ಮೇಲೆ ಕಂಪನಿಯೇ ಹಾಕಿಕೊಳ್ಳುವುದು, ಹಿಮದ ಮೇಲೆ ಓಡಿಸಿ ನೋಡಿಯೇ ಕೊಡಬೇಕು ಎಂಬ ಕಟ್ಟುಪಾಡಿಲ್ಲ. ನೀವು ಹುಡುಕಬೇಕಾದದ್ದು ಮೂರು ಶಿಖರದ ಬೆಟ್ಟ, ಒಳಗೆ ಹಿಮದ ಹೂವು ಇರುವ ಗುರುತು. ಅದು ಗಟ್ಟಿಯಾದ ಹಿಮದ ಮೇಲೆ ಪರೀಕ್ಷೆಯಲ್ಲಿ ಪಾಸಾದ ಟೈರ್‌ಗೆ ಮಾತ್ರ ಸಿಗುತ್ತದೆ. ಬಿಎಫ್ ಗುಡ್‌ರಿಚ್ ಕೆಒ2, ಯೊಕೊಹಾಮಾ ಜಿಯೋಲ್ಯಾಂಡರ್ ಜಿ015 ಇಂಥವುಗಳಲ್ಲಿ ಈ ಗುರುತು ಬರುತ್ತದೆ. ಆದರೆ ಹೆಸರು ನಂಬಿ ಕೊಳ್ಳಬೇಡಿ. ಅಳತೆ ಬದಲಾದರೆ ಗುರುತು ಇಲ್ಲದೆಯೂ ಇರಬಹುದು. ಕೂತು ಸೈಡ್‌ವಾಲ್ ಮೇಲೆ ಕೈಯಾಡಿಸಿ ನೋಡಿ. ನನ್ನದು ಯಾವ ಬ್ರ್ಯಾಂಡ್ ಎಂದು ಕೇಳುವವರಿಗೂ ಇದೇ ಉತ್ತರ.

ಸಿಗುವುದೇ ಕಷ್ಟವಾಗಿತ್ತು. 2020ರ ಜೂನ್‌ನಲ್ಲಿ ಹೊರದೇಶದ ಟೈರ್ ಆಮದಿಗೆ ನಿರ್ಬಂಧ ಬಂದ ಮೇಲೆ ಇಂಥ ಅಳತೆಗಳು ಅಂಗಡಿಯಿಂದ ಮಾಯವಾದವು. ಬೆಂಗಳೂರಿನ ಒಂದು ಅಂಗಡಿಯವರು ಇದೆ ಎಂದು ಕರೆಸಿಕೊಂಡರು. ನೋಡಿದರೆ ಎರಡು ಟೈರ್ ಆ ವರ್ಷದ್ದು, ಇನ್ನೆರಡು ಮೂರು ವರ್ಷ ಹಳೆಯವು. ಸೈಡ್‌ವಾಲ್ ಮೇಲಿನ ನಾಲ್ಕು ಅಂಕಿ ಎಲ್ಲರಿಗೂ ಗೊತ್ತಿರುವುದೇ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಅವರು ಆ ಅಂಕಿ ಇರುವ ಬದಿಯನ್ನು ಗೋಡೆ ಕಡೆ ತಿರುಗಿಸಿ ಇಟ್ಟಿದ್ದರು. ಅಲ್ಲೇ ಬಿಟ್ಟು ಬಂದೆ. ಕೊನೆಗೆ ಬೇರೆ ಕಡೆ ಐದೂ ಒಂದೇ ವರ್ಷದವು ಸಿಕ್ಕವು, ಒಂದು 16 ಸಾವಿರದಂತೆ. ಫಿಟ್ಟಿಂಗ್, ಅಲೈನ್‌ಮೆಂಟ್ ಬಿಟ್ಟು 80 ಸಾವಿರ. ಯಾವ ತಿಂಗಳಲ್ಲಿ ಹೋದರೆ ದರ ಇಳಿಸುತ್ತಾರೆ ಎಂಬುದು ನನಗೆ ಗೊತ್ತು, ಅದು ನನ್ನಲ್ಲೇ ಇರಲಿ.

ಐದು ಯಾಕೆ ಎಂದು ಮಾವ ಬೈದರು. ಸ್ಟೆಪ್ನಿಗೆ 16 ಸಾವಿರ ಯಾರು ಹಾಕುತ್ತಾರೆ ಅಂತ. ಲೆಕ್ಕ ಹೀಗಿದೆ. ಐದನ್ನೂ ಸುತ್ತಿನಲ್ಲಿ ಬದಲಾಯಿಸುತ್ತಾ ಹೋದರೆ ಪ್ರತಿ ಟೈರ್‌ಗೂ ಐದರಲ್ಲಿ ಒಂದು ಪಾಲು ರಜೆ. ನಾಲ್ಕು ಟೈರ್‌ನಲ್ಲಿ 60 ಸಾವಿರ ಬರುವ ಕಡೆ 75 ಸಾವಿರ ಬರುತ್ತದೆ. ಹಾಕಿದ ದುಡ್ಡು ಎಲ್ಲೂ ಹೋಗುವುದಿಲ್ಲ. ಜೊತೆಗೆ ಫೋರ್ ವೀಲ್ ಹಾಕುವ ಗಾಡಿಗೆ ನಾಲ್ಕೂ ಟೈರ್ ಒಂದೇ ಮಟ್ಟದಲ್ಲಿ ಸವೆದಿರಬೇಕು. ಕಾಶ್ಮೀರದ ದಾರಿಯ ಬಾನಿಹಾಳ್ ಹತ್ತಿರ ಒಂದು ಟೈರ್ ಹೋಗಿ ಹೊಚ್ಚ ಹೊಸ ಸ್ಟೆಪ್ನಿ ಹಾಕಿದರೆ ಗೇರ್‌ಬಾಕ್ಸ್ ಮೇಲೆ ಎಳೆತ ಬೀಳುತ್ತದೆ. ನಾನು ಸುಮಾರು 8 ಸಾವಿರಕ್ಕೊಮ್ಮೆ ಬದಲಿಸುತ್ತೇನೆ.

ಕಿ.ಮೀ.ಗೆ ಎಷ್ಟು ಬಿತ್ತು? 80 ಸಾವಿರಕ್ಕೆ 75 ಸಾವಿರ ಕಿ.ಮೀ. ಎಂದು ಹಿಡಿದರೂ ಒಂದು ರೂಪಾಯಿ ಚಿಲ್ಲರೆ. ಎಂಟಿಯಲ್ಲಿ 68 ಸಾವಿರಕ್ಕೆ 35 ಸಾವಿರ ಕಿ.ಮೀ., ಎರಡು ರೂಪಾಯಿ ಹತ್ತಿರ. ಡೀಸೆಲ್ ಬೇರೆ. ಎಟಿಯಲ್ಲಿ ಮೈಲೇಜ್ 12 ಬರುತ್ತದೆ. ಲೀಟರಿಗೆ 90 ರೂಪಾಯಿ ಅಂದರೂ ಅಲ್ಲಿ ಇನ್ನೊಂದು ರೂಪಾಯಿ ಉಳಿತಾಯ. ಒಟ್ಟು ಕಿ.ಮೀ.ಗೆ ಎರಡು ರೂಪಾಯಿ ಆಸುಪಾಸು. ನನ್ನ ಓಡಾಟಕ್ಕೆ ಇದು ಸಣ್ಣ ಮೊತ್ತ ಅಲ್ಲ.

ಟೈರ್ ಅರ್ಧ ಕೆಲಸ ಮಾಡಿದರೆ ಇನ್ನರ್ಧ ಗಾಳಿ ಮಾಡುತ್ತದೆ. ಇದನ್ನು ಯಾರೂ ನಂಬುತ್ತಿರಲಿಲ್ಲ. ಗಾಳಿ ಎಷ್ಟಿರಬೇಕು ಎಂದು ಬಾಗಿಲ ಮೇಲೆ ಅಂಟಿಸಿರುವ ಸ್ಟಿಕ್ಕರ್ ಒಂದು ಆರಂಭ ಅಷ್ಟೇ. ನಾನು ಸೀಮೆಸುಣ್ಣ ಹಿಡಿದೆ. ನಮ್ಮ ಗೋಡೌನ್ ಮುಂದೆ ಸಿಮೆಂಟ್ ಅಂಗಳ ಇದೆ. ಟೈರ್ ಅಗಲಕ್ಕೂ ದಪ್ಪಗೆ ಒಂದು ಗೆರೆ ಎಳೆದು, ಗಾಡಿಯನ್ನು ನೇರವಾಗಿ ಮೂವತ್ತು ನಲವತ್ತು ಮೀಟರ್ ಬಿಟ್ಟು, ಇಳಿದು ನೋಡಿದೆ. ಮಧ್ಯದ ಗೆರೆ ಅಳಿಸಿ ಎರಡೂ ಅಂಚಿನಲ್ಲಿ ಬಿಳಿ ಉಳಿದಿದ್ದರೆ ಗಾಳಿ ಜಾಸ್ತಿ. ಅಂಚು ಅಳಿಸಿ ಮಧ್ಯ ಉಳಿದರೆ ಕಡಿಮೆ. ಪೂರ್ತಿ ಸಮನಾಗಿ ಅಳಿಸುವವರೆಗೆ ಒಂದೊಂದು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಬಿಟ್ಟೆ. ಆಮೇಲೆ ಹಿಂದೆ ಪೈಪ್ ತುಂಬಿ ಮತ್ತೆ ಮಾಡಿದೆ. ನನ್ನ ಗಾಡಿಗೆ ಖಾಲಿ ಇದ್ದಾಗ 33 ಆಸುಪಾಸು, ಲೋಡ್ ಇದ್ದಾಗ ಹಿಂದೆ 40ರ ಹತ್ತಿರ. ನಿಮ್ಮದಕ್ಕೆ ನೀವೇ ಗೆರೆ ಎಳೆಯಿರಿ. ಕ್ರಷರ್ ದಾರಿಯಲ್ಲಿ 26ಕ್ಕೆ ಇಳಿಸಿ ನಿಧಾನ ಹೋದರೆ ಟೈರ್ ಕಲ್ಲಿನ ಮೇಲೆ ಮಡಿಸಿಕೊಂಡು ದಾಟುತ್ತದೆ, ಬಟನ್ ಕಡಿತ ಕಡಿಮೆ. ಕೆರೆ ಗೋಡಿಗೆ ಎಷ್ಟಕ್ಕೆ ಇಳಿಸುತ್ತೇನೆ, ಮುಂದೆ ಹಿಂದೆ ಎಷ್ಟು ವ್ಯತ್ಯಾಸ ಇಡುತ್ತೇನೆ ಎಂಬುದನ್ನು ಬರೆಯುವುದಿಲ್ಲ. ಬೆಟ್ ಕಟ್ಟಲು ಬಂದಿದ್ದ ಗೆಳೆಯರಲ್ಲಿ ಇಬ್ಬರು ಎಂಟಿ ಹಾಕಿಕೊಂಡೂ ಕೆರೆ ಅಂಚಲ್ಲಿ ಹೂತುಕೊಂಡಾಗ ಎಳೆದು ತೆಗೆದದ್ದು ನನ್ನ ಎಟಿ. ಇಷ್ಟು ಹೇಳಿದರೆ ಸಾಕು. ಕೆಲಸ ಮುಗಿದ ತಕ್ಷಣ ಗಾಳಿ ತುಂಬಲು ಕಂಪ್ರೆಸರ್ ಗಾಡಿಯಲ್ಲೇ ಇರಲಿ. ಕಡಿಮೆ ಗಾಳಿಯಲ್ಲಿ ಹೈವೇಗೆ ಹತ್ತಿದರೆ ಟೈರ್ ಕಾದು ಒಡೆಯುತ್ತದೆ.

ನೈಟ್ರೋಜನ್ ಕೂಡ ತುಂಬಿಸಿ ನೋಡಿದೆ. ಎರಡು ಟೈರ್‌ಗೆ ಅದು, ಎರಡಕ್ಕೆ ಮಾಮೂಲಿ ಗಾಳಿ. ನಾವು ತುಂಬುವ ಗಾಳಿಯಲ್ಲೇ 78 ಪಾಲು ನೈಟ್ರೋಜನ್ ಇದೆ. ಒಂದೆರಡು ತಿಂಗಳು ನೋಡಿದರೂ ಗೇಜ್‌ನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸುಮ್ನೆ ದುಡ್ಡು ಕೊಡಬೇಡಿ.

ಈಗ ಹಿಮದ ವಿಷಯ. ಇಲ್ಲಿ 28 ಡಿಗ್ರಿಯಲ್ಲಿ 34 ತುಂಬಿ ಹೊರಟ ಗಾಡಿ. ಬಾನಿಹಾಳ್‌ನಲ್ಲಿ ರಾತ್ರಿ ನಿಲ್ಲಿಸಿ ಬೆಳಿಗ್ಗೆ ಗೇಜ್ ಹಿಡಿದರೆ 28, 29. ಪಂಚರ್ ಅಂದುಕೊಂಡು ನೀರು ಹಾಕಿ ಹುಡುಕಬೇಡಿ. ತಾಪಮಾನ ಐದಾರು ಡಿಗ್ರಿ ಇಳಿದರೆ ಒಂದು ಪಿಎಸ್‌ಐ ಇಳಿಯುತ್ತದೆ. ಬೆಳಿಗ್ಗೆ ಗಾಡಿ ಅಲ್ಲಾಡಿಸುವ ಮೊದಲೇ ಸರಿಮಾಡಿಕೊಳ್ಳಬೇಕು. ಬರುವಾಗ ನಾಗಪುರ ತಲುಪುವಷ್ಟರಲ್ಲಿ ಮತ್ತೆ ಬಿಡಬೇಕು.

ರಬ್ಬರ್ ಎಷ್ಟು ಗಟ್ಟಿಯಾಗುತ್ತದೆ ಎಂದು ನೋಡಲು ಸಣ್ಣ ಗಡಸುತನ ಮೀಟರ್ ಒಂದನ್ನು ತರಿಸಿಕೊಂಡಿದ್ದೆ, ಒಂದೂವರೆ ಸಾವಿರದ್ದು. ಹಿಂದೆ ಒಂದು ಹಳೆಯ ಎಚ್‌ಟಿ ಟೈರನ್ನೂ ಎಸೆದುಕೊಂಡು ಹೋದೆ. ಊರಲ್ಲಿ ಎಟಿ 60ರ ಹತ್ತಿರ, ಎಚ್‌ಟಿ 68 ತೋರಿಸಿದ್ದವು. ಶೋಪಿಯಾನ್ ಕಡೆ ಸೊನ್ನೆಗಿಂತ ಕೆಳಗಿನ ಬೆಳಿಗ್ಗೆಯಲ್ಲಿ ಎಟಿ 66ಕ್ಕೆ ಹೋಯಿತು, ಎಚ್‌ಟಿ 78 ದಾಟಿತು. ಉಗುರು ಒತ್ತಿದರೂ ಗೊತ್ತಾಗುತ್ತಿತ್ತು. ಎಟಿ ಬಟನ್ ಸ್ವಲ್ಪ ಒಳಗೆ ಹೋಗುತ್ತದೆ, ಎಚ್‌ಟಿ ಪ್ಲಾಸ್ಟಿಕ್ ಆಗಿತ್ತು. ಬೇಸಿಗೆ ಟೈರ್‌ಗಳ ರಬ್ಬರ್ 7 ಡಿಗ್ರಿ ಕೆಳಗೆ ಹಿಡಿತ ಕಳೆದುಕೊಳ್ಳುತ್ತದೆ ಎಂದು ಹೇಳುತ್ತಾರಲ್ಲ, ಅದು ಕೈಯಲ್ಲೇ ಸಿಕ್ಕಿತು.

ಹೈವೇ ಬಿಟ್ಟು ತೋಟಗಳ ಕಡೆ ತಿರುಗಿದ ಮೇಲೆ ಆರೇಳು ಇಂಚು ಹಿಮ. ಫೋರ್ ಹೈ (ನಾಲ್ಕೂ ಚಕ್ರ ಎಳೆಯುವ ಮೋಡ್) ಹಾಕಿ, ಎರಡನೇ ಗೇರ್‌ನಲ್ಲಿ, ಬ್ರೇಕ್ ಮುಟ್ಟದೆ ಎಂಜಿನ್ ಮೇಲೇ ಇಳಿಸಿದೆ. ಬಟನ್ ಸಂದಿಯಲ್ಲಿ ಹಿಮ ತುಂಬಿಕೊಂಡಿದ್ದನ್ನು ಪಾಲುದಾರರು ಕೆರೆಯಲು ಹೋದರು. ಬೇಡ ಎಂದೆ. ಹಿಮಕ್ಕೆ ಹಿಮವೇ ಕಚ್ಚಿಕೊಳ್ಳುತ್ತದೆ. ಕೆಸರಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಆದರೆ ಮಂಜುಗಡ್ಡೆ ಬೇರೆ. ಬಿಸಿಲು ಬೀಳದ ತಿರುವಿನಲ್ಲಿ ರಸ್ತೆ ಕಪ್ಪಗೆ ಹೊಳೆಯುತ್ತಿದ್ದರೆ ಯಾವ ಎಟಿಯೂ ಉಳಿಸುವುದಿಲ್ಲ. ಚೈನ್ ಕಟ್ಟಲೇಬೇಕು. ತಂಗ್‌ಮರ್ಗ್‌ನಿಂದ ಗುಲ್ಮರ್ಗ್‌ಗೆ ಹಿಮ ಬಿದ್ದಾಗ ಚೈನ್ ಇಲ್ಲದೆ ಗಾಡಿ ಬಿಡುವುದಿಲ್ಲ, ಅದು ಸರಿಯಾದ ಕೆಲಸ. ಊರಲ್ಲೇ ಒಮ್ಮೆ ಕಟ್ಟಿ ಬಿಚ್ಚಿ ಅಭ್ಯಾಸ ಮಾಡಿಕೊಂಡು ಹೋಗಿ. ಮರಗಟ್ಟಿದ ಬೆರಳಲ್ಲಿ ಮೊದಲ ಸಲ ಕಟ್ಟಲು ಆಗುವುದಿಲ್ಲ.

ಕ್ರಷರ್ ದಾರಿಯಲ್ಲಿ ಓಡಾಡುವವರಿಗೆ ಇನ್ನೊಂದು ಮಾತು. ಎಟಿ ಬಟನ್ ಸಂದಿಯಲ್ಲಿ ಜಲ್ಲಿ ಕಚ್ಚಿಕೊಳ್ಳುತ್ತದೆ. ಹೈವೇಯಲ್ಲಿ ಓಡುತ್ತಾ ಓಡುತ್ತಾ ಅದು ಒಳಗೆ ಕೊರೆದು ತಂತಿಯವರೆಗೂ ಹೋಗುತ್ತದೆ. ಶನಿವಾರ ಸಂಜೆ ಚಪ್ಪಟೆ ಸ್ಕ್ರೂಡ್ರೈವರ್ ಹಿಡಿದು ಕೂರುತ್ತೇನೆ. ಟೈರ್ ಒಂದಕ್ಕೆ ಒಂದು ಮುಷ್ಟಿ ಕಲ್ಲು ಬರುತ್ತದೆ.

ಈ ಸೆಟ್ ಇನ್ನು ಹಿಮಕ್ಕೆ ಹೋಗುವುದಿಲ್ಲ. ಕಾನೂನಿಗೆ 1.6 ಮಿ.ಮೀ. ಸಾಕಾಗಬಹುದು, ಹಿಮಕ್ಕೆ 4ಕ್ಕಿಂತ ಕಡಿಮೆಯಾದರೆ ನಾನು ನಂಬುವುದಿಲ್ಲ. ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಅದಕ್ಕೂ ಕೆಳಗೆ ಇಳಿಯುತ್ತದೆ. ಇದನ್ನು ಗುಡಿಬಂಡೆ, ಬಾಗೇಪಲ್ಲಿ ಓಡಾಟದಲ್ಲೇ ಸವೆಸುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ಟೈರ್ ಮೇಲಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಐದು ಟೈರ್‌ಗೆ ಆರು ಸಾವಿರದಷ್ಟಾದರೂ ಉಳಿಯಬೇಕು. ಅದೇ ಅಳತೆ, ಅದೇ ಬೆಟ್ಟದ ಗುರುತು, ಐದೂ ಒಂದೇ ವರ್ಷದವು ಬೇಕೆಂದು ಎರಡು ಅಂಗಡಿಗಳಿಗೆ ಹೇಳಿಟ್ಟಿದ್ದೇನೆ. ಮಾವನೂ ತಮ್ಮ ಪಿಕಪ್‌ಗೆ ಒಂದು ಸೆಟ್ ನೋಡು ಎಂದಿದ್ದಾರೆ, ಸ್ಟೆಪ್ನಿ ಸೇರಿಸಿ.