ಬ್ರಿಟನ್ನಿನಲ್ಲಿ ಹಳೆಯ ಟೀವಿ ಕಾರ್ಯಕ್ರಮ ಹುಡುಕುವವರಿಗೆ

ಬ್ರಿಟನ್ನಿಗೆ ಓದಲು ಬಂದವರು ಬಾಡಿಗೆ ಮನೆ, ಬ್ಯಾಂಕ್ ಖಾತೆಗಳ ಗಡಿಬಿಡಿಯಲ್ಲಿ ಮರೆಯುವ ಸವಲತ್ತೊಂದಿದೆ. ವಿಶ್ವವಿದ್ಯಾಲಯದ ಗ್ರಂಥಾಲಯದ ಜಾಲತಾಣದಲ್ಲಿ ‘ಬಾಕ್ಸ್ ಆಫ್ ಬ್ರಾಡ್‌ಕಾಸ್ಟ್ಸ್’ ಎಂದು ಹುಡುಕಿ ನೋಡಿ. ಎಲ್ಲರೂ ಅದನ್ನು ‘ಬಾಬ್’ ಎನ್ನುತ್ತಾರೆ. ನಿಮ್ಮ ಸಂಸ್ಥೆ ಚಂದಾ ಕಟ್ಟಿದ್ದರೆ 20 ಲಕ್ಷಕ್ಕೂ ಹೆಚ್ಚು ಟೀವಿ, ರೇಡಿಯೊ ಕಾರ್ಯಕ್ರಮಗಳು ನಿಮ್ಮ ಮುಂದೆ ತೆರೆದುಕೊಳ್ಳುತ್ತವೆ. ಬೇಕಾದ ತುಣುಕನ್ನಷ್ಟೇ ಕತ್ತರಿಸಿ ತರಗತಿಯಲ್ಲಿ ತೋರಿಸಬಹುದು.

ಇದನ್ನು ನಡೆಸುವ ‘ಲರ್ನಿಂಗ್ ಆನ್ ಸ್ಕ್ರೀನ್’ 1948ರಲ್ಲಿ ವಿಶ್ವವಿದ್ಯಾಲಯಗಳ ಚಲನಚಿತ್ರ ಮಂಡಳಿಯಾಗಿ ಹುಟ್ಟಿದ ಸಂಸ್ಥೆ. ಇಷ್ಟೆಲ್ಲ ಧ್ವನಿಮುದ್ರಿಸಿ, ಚಿತ್ರಮುದ್ರಿಸಿ ಇಟ್ಟುಕೊಳ್ಳಲು ಆಧಾರ 1988ರ ಕೃತಿಸ್ವಾಮ್ಯ ಕಾಯ್ದೆಯ 35ನೇ ವಿಧಿ ಮತ್ತು ಶಿಕ್ಷಣ ಸಂಸ್ಥೆಗಳು ಕೊಳ್ಳುವ ‘ಇಆರ್‌ಎ’ (ಎಜುಕೇಷನಲ್ ರೆಕಾರ್ಡಿಂಗ್ ಏಜೆನ್ಸಿ) ಪರವಾನಗಿ. ಹಾಗಾಗಿ ಇದು ಓದುವವರಿಗೆ, ಕಲಿಸುವವರಿಗೆ ಮಾತ್ರ ಮೀಸಲು. ಮನೆಯವರಿಗೆ ಪಾಸ್‌ವರ್ಡ್ ಕೊಡುವುದು, ತುಣುಕನ್ನು ಯೂಟ್ಯೂಬಿಗೆ ಏರಿಸುವುದು ಎರಡೂ ತಪ್ಪು. ಕೋರ್ಸ್ ಮುಗಿದು ಲಾಗಿನ್ ನಿಂತಿತೆಂದರೆ ಬಾಬ್ ಕೂಡ ಕೈಬಿಟ್ಟಿತು ಎಂದೇ ಲೆಕ್ಕ.

ವಿದ್ಯಾರ್ಥಿಯಲ್ಲದವರು ‘ಬಿಬಿಸಿ ಜಿನೋಮ್’ ಎಂಬ ಜಾಲತಾಣದಿಂದ ಶುರು ಮಾಡಬಹುದು. 1923ರಿಂದ 2009ರವರೆಗಿನ ‘ರೇಡಿಯೊ ಟೈಮ್ಸ್’ ಪತ್ರಿಕೆಯ ಕಾರ್ಯಕ್ರಮ ಪಟ್ಟಿ ಅಲ್ಲಿ ಉಚಿತ. ಭಾರತ, ಪಾಕಿಸ್ತಾನಗಳಿಂದ ಬಂದವರಿಗಾಗಿ ಬಿಬಿಸಿ 1965ರ ಅಕ್ಟೋಬರಿನಲ್ಲಿ ಹಿಂದಿ-ಉರ್ದುವಿನ ‘ಅಪ್ನಾ ಹೀ ಘರ್ ಸಮಝಿಯೇ’ ಆರಂಭಿಸಿತು. ವಲಸೆಯ ಚರಿತ್ರೆ ಬರೆಯುವವರು ಅಂಥವುಗಳ ಜಾಡನ್ನು ಹಿಡಿಯುವುದು ಈ ಪಟ್ಟಿಯಿಂದಲೇ.

ಆದರೆ ಪಟ್ಟಿಯಲ್ಲಿ ಹೆಸರು ಸಿಕ್ಕಿತೆಂದು ಹಿಗ್ಗಬೇಡಿ. ಕೊನೆಯ ಗಳಿಗೆಯಲ್ಲಿ ಕಾರ್ಯಕ್ರಮ ಬದಲಾಗಿದ್ದಿರಬಹುದು. ಪ್ರಸಾರವಾಗಿಯೂ ಉಳಿಯದೆ ಹೋಗಿರಬಹುದು. 1936ರ ನವೆಂಬರ್ 2ರಂದು ಅಲೆಕ್ಸಾಂಡ್ರಾ ಪ್ಯಾಲೆಸಿನಿಂದ ಶುರುವಾದ ಬಿಬಿಸಿ ಟೀವಿಯಲ್ಲಿ ಮೊದಮೊದಲು ಬಹುತೇಕ ಎಲ್ಲವೂ ನೇರಪ್ರಸಾರ. ತೆರೆಯಿಂದ ಸರಿದದ್ದು ಸರಿದೇ ಹೋಯಿತು. ಮುಂದೆ ವಿಡಿಯೊ ಟೇಪ್ ಬಂದರೂ ಅದು ದುಬಾರಿ. ಒಮ್ಮೆ ಬಳಸಿದ್ದನ್ನು ಅಳಿಸಿ ಅದರ ಮೇಲೆಯೇ ಇನ್ನೊಂದನ್ನು ಮುದ್ರಿಸುತ್ತಿದ್ದರು. ಪುಸ್ತಕದ ಪ್ರತಿಯನ್ನು ಬ್ರಿಟಿಷ್ ಲೈಬ್ರರಿಗೆ ಕೊಡಲೇಬೇಕೆಂಬ ಕಾನೂನಿರುವ ಈ ದೇಶದಲ್ಲಿ ಚಲನಚಿತ್ರಕ್ಕೆ ಅಂಥ ಕಡ್ಡಾಯವಿಲ್ಲ. ಇದು ನನಗೆ ಇಂದಿಗೂ ಸೋಜಿಗ.

ಉಳಿದದ್ದನ್ನು ನೋಡಲು ಲಂಡನ್ನಿನಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ‘ಬಿಎಫ್‌ಐ ಸೌತ್‌ಬ್ಯಾಂಕ್’ ಕೇಂದ್ರಕ್ಕೆ ಹೋಗಿ. ಹಳೆಯ ಚಿತ್ರ, ಟೀವಿ ಕಾರ್ಯಕ್ರಮ ನೋಡುವ ಅಲ್ಲಿನ ಮೀಡಿಯಾಟೆಕ್, ಸಿನಿಮಾ-ಟೀವಿ ಪುಸ್ತಕಗಳ ರೂಬೆನ್ ಲೈಬ್ರರಿ ಎರಡಕ್ಕೂ ಹಣ ಕೊಡಬೇಕಿಲ್ಲ. ಸ್ಕಾಟ್ಲೆಂಡಿನವರಿಗೆ ಗ್ಲಾಸ್ಗೋದ ಕೆಲ್ವಿನ್ ಹಾಲ್‌ನಲ್ಲಿರುವ ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ಚಲಚ್ಚಿತ್ರ ಸಂಗ್ರಹ, ವೇಲ್ಸಿನವರಿಗೆ ಅಬೆರಿಸ್ಟ್‌ವಿತ್‌ನ ರಾಷ್ಟ್ರೀಯ ಗ್ರಂಥಾಲಯ ಇವೆ.

ಚಿತ್ರವೇ ಅಳಿದಿದ್ದರೆ ಕಾಗದ ಹುಡುಕಿ. ರೆಡಿಂಗ್ ಬಳಿಯ ಕೇವರ್‌ಶಾಮಿನಲ್ಲಿ ಬಿಬಿಸಿಯ ಲಿಖಿತ ದಾಖಲೆಗಳ ಕೇಂದ್ರವಿದೆ: ಚಿತ್ರಕಥೆಗಳು, ಪತ್ರಗಳು, ಕಚೇರಿಯೊಳಗಿನ ಟಿಪ್ಪಣಿಗಳು. ನೇರವಾಗಿ ಹೋಗಿ ಬಾಗಿಲು ತಟ್ಟುವಂತಿಲ್ಲ. ಸಂಶೋಧನೆಯ ವಿಷಯ ತಿಳಿಸಿ ಮೊದಲೇ ಪತ್ರ ಬರೆಯಬೇಕು. ಆ ಪತ್ರದಲ್ಲಿ ಜಿನೋಮಿನಿಂದ ತೆಗೆದ ವಾಹಿನಿ, ದಿನಾಂಕ, ಸಮಯ ಇರಲಿ.